ಕೆಲಸ ಕಳೆದುಕೊಂಡ ನಾಯಿ

ಬೆಳಗಾವಿ ಜಿಲ್ಲೆಯ ಚಚಡಿಯ ಆಸುಪಾಸಿನ ಎರೆನೆಲದಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿಯಿತೆಂದರೆ ಬಯಲೆಲ್ಲ ತೆರವಾಗುತ್ತದೆ. ಆಗ ಕುರಿಯ ಹಿಂಡುಗಳು ಹೊಲಗಳಿಗೆ ಇಳಿಯುತ್ತವೆ. ಗೊಬ್ಬರದ ಆಸೆಯಿಂದ ರೈತರು ಹಿಂಡನ್ನು ಹೊಲದಲ್ಲಿಯೇ ರಾತ್ರಿ ತಂಗಿಸಿಕೊಳ್ಳುವುದೂ ಉಂಟು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಕುರುಬ ಮುಂದೆ. ಹಿಂಡಿನ ಬೆನ್ನಿಗೆ ಒಂದೆರಡು ನಾಯಿಗಳು.

ಆ ನಾಯಿಗಳಿಗೆ ಯಾರೂ ಪಾಠ ಹೇಳಿದವರಿಲ್ಲ. ಆದರೆ ಬೆಳಗಿನಿಂದ ಬೈಗಿನವರೆಗೆ ಅವಕ್ಕೆ ಬೇಸರವೆಂಬುದು ಗೊತ್ತಿಲ್ಲ. ಗಾಳಿಯಲ್ಲಿ ತೇಲಿ ಬಂದ ಹೊಸ ವಾಸನೆಯನ್ನು ಮೂಸಬೇಕು. ಹಿಂದುಳಿದ ಮರಿಯ ಕೂಗಿಗೆ ಕಿವಿಗೊಡಬೇಕು. ಇರುಳಿನಲ್ಲಿ ತೋಳನ ಸುಳಿವಿಗೆ ಎಚ್ಚರವಾಗಿರಬೇಕು. ಸಂಜೆ ಒಡೆಯನು ಎಸೆದ ಜೋಳದ ರೊಟ್ಟಿಯ ತುಣುಕು ಅವು ದುಡಿದು ಉಂಡ ಅನ್ನ.

ಇಂಥ ನಾಯಿಯ ಒಂದು ಮರಿ ಬೆಳಗಾವಿಯ, ಧಾರವಾಡದ ಅಥವಾ ಬೆಂಗಳೂರಿನ ಒಂದು ಮನೆಗೆ ಬಂತೆಂದು ಎಣಿಸಿಕೊಳ್ಳಿ. ಮಕ್ಕಳಿಗೆ ಸಂಭ್ರಮವೇ ಸಂಭ್ರಮ. ಹೊಸ ಕೊರಳಪಟ್ಟಿ, ಹೊಸ ಬಟ್ಟಲು, ಮಲಗಲು ಗೋಣಿಚೀಲ ಎಲ್ಲವೂ ಸಿದ್ಧವಾಗುತ್ತವೆ. ತಿಂಗಳು ನಾಲ್ಕಾಗುವಷ್ಟರಲ್ಲಿ ಮರಿ ಬೆಳೆಯುತ್ತದೆ; ಮಕ್ಕಳಿಗೆ ಪರೀಕ್ಷೆ ಬರುತ್ತದೆ; ನಾಯಿಯ ಕೊರಳಿಗೆ ಗೇಟಿನ ಬದಿಯ ಸರಪಳಿ ಬೀಳುತ್ತದೆ. ದಿನಕ್ಕೆ ಎರಡು ಹೊತ್ತು ಅನ್ನದ ಬಟ್ಟಲು ಮುಂದೆ ಬಂದು ಕೂಡುತ್ತದೆ. ಅದನ್ನು ಬರಿದು ಮಾಡಲು ಎರಡು ನಿಮಿಷ ಸಾಕು. ನಾಯಿ ದಿನದ ಅರ್ಧದಷ್ಟನ್ನು ನಿದ್ದೆಯಲ್ಲಿ ಕಳೆಯುತ್ತದೆಂದು ಹಿಡಿದರೂ ಉಳಿದ ಅರ್ಧ ದಿನ ಅದು ಏನು ಮಾಡಬೇಕು?

ಅದು ತನಗೆ ತೋಚಿದ್ದನ್ನು ಮಾಡುತ್ತದೆ. ಚಪ್ಪಲಿಯನ್ನು ಕಚ್ಚಿ ಚಿಂದಿ ಮಾಡುತ್ತದೆ. ಹೂವಿನ ಕುಂಡದ ಮಣ್ಣನ್ನು ಕೆದರುತ್ತದೆ. ಹಾಲಿನವನನ್ನೂ ಅಂಚೆಯವನನ್ನೂ ಕಂಡು ಗಂಟಲು ಹರಿಯುವಂತೆ ಬೊಗಳುತ್ತದೆ. ನೆರೆಮನೆಯವರು ದೂರುತ್ತಾರೆ. ‘ಈ ನಾಯಿಯ ಸ್ವಭಾವವೇ ಕೆಟ್ಟದ್ದು’ ಎಂಬ ತೀರ್ಪು ಹೊರಬೀಳುತ್ತದೆ. ಆಮೇಲೆ ಅದನ್ನು ಯಾರಿಗೋ ಕೊಟ್ಟುಬಿಡುವ ಮಾತು. ತೆಗೆದುಕೊಳ್ಳುವವರು ಸಿಗದಿದ್ದರೆ ಊರ ಹೊರಗೆ ಬಿಟ್ಟುಬರುವ ಮಾತು.

ತೀರ್ಪು ಕೊಡುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ನ್ಯಾಯ. ಆ ನಾಯಿ ನಿಜವಾಗಿಯೂ ಕೆಟ್ಟದ್ದೋ, ಅಥವಾ ಕೆಲಸವಿಲ್ಲದೆ ಕುಳಿತದ್ದೋ?

ಮುಧೋಳದ ಬೇಟೆನಾಯಿ

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಚಚಡಿಯಿಂದ ಈಶಾನ್ಯಕ್ಕೆ, ಘಟಪ್ರಭೆಯ ದಡದಲ್ಲಿ, ಕವಿ ರನ್ನನ ಊರೆಂದು ಹೆಸರಾದ ಮುಧೋಳವಿದೆ. ಅಲ್ಲಿಯ ಬೇಟೆನಾಯಿಯ ಹೆಸರನ್ನು ಕೇಳದವರು ಕಡಿಮೆ. ಉದ್ದ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು, ನೀಳ ಕಾಲುಗಳು. ಇದು ಕಣ್ಣಿನಿಂದ ಬೇಟೆಯನ್ನು ಹಿಡಿಯುವ ನಾಯಿ. ಬಯಲಿನ ತುದಿಯಲ್ಲಿ ಮೊಲವೊಂದು ಅಲುಗಿದರೂ ಅದಕ್ಕೆ ಕಾಣಿಸುತ್ತದೆ. ಕಂಡ ಗಳಿಗೆಯಲ್ಲಿಯೇ ಕಾಲು ಓಡುತ್ತದೆ. ಮುಧೋಳದ ಅರಸ ಮಾಲೋಜಿರಾವ ಘೋರ್ಪಡೆಯವರು ಈ ತಳಿಯ ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದೂ, ಅಲ್ಲಿಂದ ‘ಮುಧೋಳ ಹೌಂಡ್’ ಎಂಬ ಹೆಸರು ನಿಂತಿತೆಂದೂ ಹೇಳುತ್ತಾರೆ. 2005ರಲ್ಲಿ ಭಾರತದ ಅಂಚೆ ಇಲಾಖೆಯು ದೇಶದ ನಾಲ್ಕು ತಳಿಗಳ ನಾಯಿಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಒಂದು ಮುಧೋಳದ್ದಾಗಿತ್ತು.

ಆದರೆ ಈ ನಾಯಿ ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವೇ ಈಗ ಇಲ್ಲವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಮೊಲದ ಬೇಟೆಯೂ ಅಪರಾಧ. ಕಾಯಿದೆ ಬಂದುದು ಒಳ್ಳೆಯದೇ. ಆದರೆ ತಲೆಮಾರುಗಳಿಂದ ರಕ್ತದಲ್ಲಿ ಇಳಿದು ಬಂದ ಓಟ, ನೋಟಗಳು ಕಾಯಿದೆಯಿಂದ ಅಳಿಯುವುದಿಲ್ಲ. ಕಾಲಿದೆ, ಓಡುವ ಬಯಲಿಲ್ಲ. ಕಣ್ಣಿದೆ, ಹುಡುಕುವ ಬೇಟೆಯಿಲ್ಲ.

ಇಂಥ ನಾಯಿಗೆ ಹೊಸ ಕೆಲಸವನ್ನು ಕಲಿಸಬಹುದೇ? ಕಲಿಸಬಹುದೆಂಬುದು ಈಚಿನ ವರ್ಷಗಳಲ್ಲಿ ಸಿದ್ಧವಾಗಿದೆ. ಬೀದರಿನ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗಾಗಿ ಒಂದು ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. 2016ರಲ್ಲಿ ಮುಧೋಳದ ಮರಿಗಳು ತರಬೇತಿಗಾಗಿ ಮೀರತ್ತಿನಲ್ಲಿರುವ ಸೇನೆಯ ಪಶುವೈದ್ಯ ದಳದ ಕೇಂದ್ರಕ್ಕೆ ಹೋದವು. 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸರ ಕರ್ತವ್ಯಕೂಟದಲ್ಲಿ ಗಡಿ ಭದ್ರತಾ ಪಡೆಯ ‘ರಿಯಾ’ ಎಂಬ ಮುಧೋಳದ ನಾಯಿ ವಿದೇಶೀ ತಳಿಗಳ ನಾಯಿಗಳನ್ನು ಹಿಂದೆ ಹಾಕಿ ಮೊದಲನೆಯ ಬಹುಮಾನವನ್ನು ಗಳಿಸಿತು. ಕೆಲಸ ಕಳೆದುಕೊಂಡ ತಳಿಗೆ ಹೊಸ ಕೆಲಸ ಸಿಕ್ಕಿತು. ಅದು ಆ ಕೆಲಸದಲ್ಲಿ ಮೆರೆಯಿತು.

ಮನೆಯ ನಾಯಿಗೆ ಗಡಿ ಕಾಯುವ ಕೆಲಸ ಬೇಕಾಗಿಲ್ಲ. ದಿನಕ್ಕೆ ಹದಿನೈದು ನಿಮಿಷದ ಆಟ ಸಾಕು. ಇದು ಮುಧೋಳದ ನಾಯಿಗೆ ಮಾತ್ರ ಹೇಳಿದ ಮಾತಲ್ಲ. ಬೀದಿಯಿಂದ ಎತ್ತಿಕೊಂಡು ಬಂದ ಮರಿಯೂ ಇದೇ ಪಾಠವನ್ನು ಇಷ್ಟೇ ಚೆನ್ನಾಗಿ ಕಲಿಯುತ್ತದೆ. 1957ರ ನವೆಂಬರ್ 3ರಂದು ರಷ್ಯದ ಉಪಗ್ರಹದಲ್ಲಿ ಭೂಮಿಯನ್ನು ಸುತ್ತಿದ ಲೈಕಾ ಮಾಸ್ಕೋದ ಬೀದಿಯಲ್ಲಿ ಅಲೆಯುತ್ತಿದ್ದ ನಾಯಿಯೇ. ಇಕ್ಕಟ್ಟಿನ ಗೂಡಿನಲ್ಲಿ ತಾಳ್ಮೆಯಿಂದಿರುವುದನ್ನು ಅದಕ್ಕೆ ಕಲಿಸಿದ್ದರು. ಆ ಬಡಪ್ರಾಣಿ ಜೀವಂತ ಮರಳಲಿಲ್ಲವೆಂಬುದು ಬೇರೆಯ ದುಃಖದ ಕಥೆ. ಅದರ ಜಾಣತನಕ್ಕೆ ಕುಲಗೋತ್ರಗಳ ಹಂಗಿರಲಿಲ್ಲವೆಂಬುದು ಇಲ್ಲಿ ನೆನೆಯಬೇಕಾದ ಮಾತು.

ಕಲಿಕೆಯ ಗುಟ್ಟು

ನಾಯಿ ಹೇಗೆ ಕಲಿಯುತ್ತದೆ? ಊಟಕ್ಕೆ ಮೊದಲು ಕೇಳಿಸುವ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆಂಬುದನ್ನು ರಷ್ಯದ ವಿಜ್ಞಾನಿ ಪಾವ್ಲೊವ್ ತೋರಿಸಿಕೊಟ್ಟದ್ದು ಪ್ರಸಿದ್ಧವೇ ಆಗಿದೆ. 1951ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ, ಯಾವ ಗೃಹಸ್ಥನಾದರೂ ತನ್ನ ಅಡಿಗೆಮನೆಯಲ್ಲಿಯೇ ನಾಯಿಗೆ ಪಾಠ ಕಲಿಸಬಹುದೆಂದು ಸಾಮಾನ್ಯ ಓದುಗರಿಗಾಗಿ ಲೇಖನ ಬರೆದನು. ಅವನ ಉಪಾಯ ಸರಳವಾದದ್ದು. ನಾಯಿ ಸರಿಯಾದ ಕೆಲಸ ಮಾಡಿದ ಕ್ಷಣದಲ್ಲಿಯೇ ‘ಟಿಕ್’ ಎಂಬ ಸದ್ದು ಮಾಡಬೇಕು. ಸದ್ದಿನ ಬೆನ್ನಿಗೇ ತಿನಿಸು ಕೊಡಬೇಕು. ಯಾವ ಕೆಲಸಕ್ಕೆ ತಿನಿಸು ಬಂತೆಂಬುದನ್ನು ಆ ಸದ್ದು ನಾಯಿಗೆ ತಿಳಿಸುತ್ತದೆ.

ನಮ್ಮ ಮನೆಗಳಲ್ಲಿ ಆ ಆಟಿಕೆ ಇರಬೇಕೆಂದಿಲ್ಲ. ‘ಶಾಬಾಸ್’ ಎಂಬ ಒಂದು ಮಾತು ಸಾಕು. ಆದರೆ ಅದನ್ನು ತಡಮಾಡದೆ ಹೇಳಬೇಕು. ನಾಯಿ ಕುಳಿತು, ಮತ್ತೆ ಎದ್ದು, ಮೈಮೇಲೆ ಹಾರಿದ ಅನಂತರ ತಿನಿಸು ಕೊಟ್ಟರೆ ಅದು ಕಲಿಯುವುದು ಹಾರುವುದನ್ನು, ಕೂಡುವುದನ್ನಲ್ಲ.

ಎರಡನೆಯ ಮಾತು, ಆಜ್ಞೆಯ ಶಬ್ದ. ನಾಯಿಗೆ ಇಂಗ್ಲಿಷೇ ಬರುತ್ತದೆಂಬ ಭ್ರಮೆ ನಮ್ಮ ಪಟ್ಟಣಗಳಲ್ಲಿ ಬಲವಾಗಿದೆ. ನಾಯಿಗೆ ಬರುವುದು ಸದ್ದು, ಭಾಷೆಯಲ್ಲ. ‘ಕೂಡು’, ‘ಬಾ’, ‘ಬಿಡು’, ‘ಹುಡುಕು’ ಎಂಬ ಚಿಕ್ಕ ಮಾತುಗಳು ಅದಕ್ಕೆ ಬೇಕಾದಷ್ಟಾದವು. ಆದರೆ ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಬೇಕು. ಅಜ್ಜಿ ‘ಕುಂದ್ರು’ ಎನ್ನುವುದು, ತಂದೆ ‘ಕೂಡು’ ಎನ್ನುವುದು, ಮಗ ‘ಸಿಟ್’ ಎನ್ನುವುದು ನಡೆದರೆ ನಾಯಿ ಯಾರ ಮಾತನ್ನೂ ಕೇಳದು. ಅದು ಅದರ ತಪ್ಪಲ್ಲ.

ಮೂರನೆಯದು, ಹೊಡೆತ. ಹೊಡೆದು ಕಲಿಸಿದ ನಾಯಿ ಪಾಠವನ್ನಲ್ಲ, ಹೊಡೆಯುವ ಕೈಯನ್ನು ನೆನಪಿಡುತ್ತದೆ. ಕೈಯನ್ನು ಕಂಡರೆ ಮುದುಡುವ ನಾಯಿ ಒಂದು ದಿನ ಕೈಗೆ ಬಾಯಿ ಹಾಕಲೂಬಹುದು.

ಮೂಗಿಗೆ ಮೂರು ಆಟಗಳು

ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಕಣಗಳು ಸುಮಾರು 50 ಲಕ್ಷ. ನಾಯಿಯ ಮೂಗಿನಲ್ಲಿ 10 ಕೋಟಿಗೂ ಮಿಕ್ಕು. ಹೀಗಿರುವಾಗ ಮೂಗಿಗೆ ಕೆಲಸವಿಲ್ಲದ ನಾಯಿ ಎಂದರೆ ಪುಸ್ತಕವಿಲ್ಲದ ಪಂಡಿತನ ಹಾಗೆ. ಮೊದಲ ಆಟಗಳು ಮೂಗಿನವಾಗಿರುವುದೇ ಲೇಸು. ಇವಕ್ಕೆ ಅಂಗಳ ಬೇಡ, ಹಣ ಬೇಡ, ಮಳೆಗಾಲದಲ್ಲಿ ಮನೆಯೊಳಗೇ ಆಡಬಹುದು.

ಮುಷ್ಟಿಯ ಆಟ: ಬೇಯಿಸಿದ ಮೊಟ್ಟೆಯ ಅಥವಾ ಗಜ್ಜರಿಯ ಶೇಂಗಾಬೀಜದಷ್ಟು ಸಣ್ಣ ಚೂರೊಂದನ್ನು ಒಂದು ಮುಷ್ಟಿಯಲ್ಲಿ ಅಡಗಿಸಿ, ಎರಡೂ ಮುಷ್ಟಿಗಳನ್ನು ನಾಯಿಯ ಮುಂದೆ ಹಿಡಿಯಬೇಕು. ಅದು ಮೊದಲು ನೆಕ್ಕುತ್ತದೆ, ಕೆರೆಯುತ್ತದೆ. ಸುಮ್ಮನಿರಬೇಕು. ಸರಿಯಾದ ಮುಷ್ಟಿಗೆ ಮೂಗು ತಾಗಿಸಿ ಒಂದು ಕ್ಷಣ ತಡೆದು ನಿಂತಿತೋ, ‘ಶಾಬಾಸ್’ ಎಂದು ಮುಷ್ಟಿ ಬಿಚ್ಚಬೇಕು. ಕೆರೆದರೆ ಸಿಗದು, ಕಾದರೆ ಸಿಗುವುದೆಂಬ ಮೊದಲನೆಯ ಪಾಠ ಇಲ್ಲಿಯೇ ಆಗುತ್ತದೆ.

ಬಟ್ಟಲುಗಳ ಆಟ: ಮೂರು ಬಟ್ಟಲುಗಳನ್ನು ನೆಲದ ಮೇಲೆ ಬೋರಲು ಹಾಕಿ, ನಾಯಿ ನೋಡುತ್ತಿರುವಂತೆಯೇ ಒಂದರ ಕೆಳಗೆ ಚೂರನ್ನಿಡಬೇಕು. ‘ಹುಡುಕು’ ಎನ್ನಬೇಕು. ಸರಿಯಾದ ಬಟ್ಟಲನ್ನು ಮೂಗಿನಿಂದ ತೋರಿಸಿದರೆ ಬಟ್ಟಲನ್ನು ಎತ್ತಿಕೊಡಬೇಕು. ಎರಡು ಮೂರು ದಿನಗಳ ಮೇಲೆ ನಾಯಿಯ ಕಣ್ಣಿಗೆ ಬೀಳದಂತೆ ಇಡಬೇಕು. ಆಮೇಲೆ ಬಟ್ಟಲುಗಳ ಸ್ಥಾನ ಬದಲಿಸಬೇಕು. ಉಕ್ಕಿನ ಬಟ್ಟಲಿನ ಸದ್ದಿಗೆ ಬೆದರುವ ಮರಿಗಳಿಗೆ ಪ್ಲಾಸ್ಟಿಕ್ಕಿನ ಲೋಟಗಳಾಗಬಹುದು.

ಸುರುಳಿಯ ಆಟ: ಹಳೆಯ ಪಂಚೆಯನ್ನೋ ಟವೆಲನ್ನೋ ನೆಲದ ಮೇಲೆ ಹಾಸಿ, ಅಲ್ಲಲ್ಲಿ ಚೂರುಗಳನ್ನು ಚೆಲ್ಲಿ, ಚಾಪೆಯ ಹಾಗೆ ಸುತ್ತಿಡಬೇಕು. ನಾಯಿ ಮೂಗಿನಿಂದ ನೂಕಿ ನೂಕಿ ಬಿಚ್ಚುತ್ತದೆ. ಇದನ್ನು ಬಲ್ಲ ನಾಯಿಗೆ ಮುಂದಿನ ಹಂತ, ಹರಿದ ಕಾಗದ ತುಂಬಿದ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಪಿನ್ನುಗಳನ್ನೂ ಅಂಟುಪಟ್ಟಿಯನ್ನೂ ಮೊದಲೇ ಕಿತ್ತಿರಬೇಕು. ಅರಿವೆಯನ್ನಾಗಲಿ ಕಾಗದವನ್ನಾಗಲಿ ನುಂಗುವ ಅಭ್ಯಾಸದ ನಾಯಿಗೆ ಈ ಆಟ ಬೇಡ. ಉಳಿದ ನಾಯಿಗಳ ಬಳಿಯೂ ಆಟ ಮುಗಿಯುವವರೆಗೆ ಒಬ್ಬರು ಕುಳಿತಿರಬೇಕು.

ಬಟ್ಟಲಿನಲ್ಲಿ ಎರಡು ನಿಮಿಷದಲ್ಲಿ ಮುಗಿದುಹೋಗುವ ಊಟದ ಒಂದು ಪಾಲನ್ನು ಹೀಗೆ ಆಟದ ಮೂಲಕ ಕೊಟ್ಟರೆ ಅದೇ ಊಟ ಕಾಲು ಗಂಟೆಯ ಉದ್ಯೋಗವಾಗುತ್ತದೆ. ಹೆಚ್ಚಿನ ತಿನಿಸು ಕೊಟ್ಟಂತೆಯೂ ಆಗುವುದಿಲ್ಲ, ನಾಯಿ ಬೊಜ್ಜು ಬೆಳೆಸುವ ಭಯವೂ ಇಲ್ಲ. ಹೊರಗೆ ಕರೆದೊಯ್ದಾಗಲೂ ಇದೇ ನ್ಯಾಯ. ಕಂಬಕಂಬಕ್ಕೂ ಮೂಸುತ್ತ ನಿಲ್ಲುವ ನಾಯಿಯನ್ನು ದರದರನೆ ಎಳೆಯುವವರುಂಟು. ಮೂಸುವುದೇ ಅದರ ಪತ್ರಿಕೆ ಓದುವಿಕೆ. ಮನೆಯ ಯಜಮಾನರಿಗೆ ಬೆಳಗಿನ ಪತ್ರಿಕೆಗೆ ಸಿಗುವಷ್ಟು ಹೊತ್ತು ಅದಕ್ಕೂ ಸಿಗಲಿ.

ಕಣ್ಣಿಗೂ ಕಾಲಿಗೂ

ಮುಧೋಳದ ತಳಿಯಂಥ ಓಟಗಾರನಿಗೆ ಮೂಗಿನ ಆಟದ ಜೊತೆಗೆ ಕಣ್ಣಿನ ಆಟವೂ ಬೇಕು. ಮಾರುದ್ದದ ಕೋಲಿನ ತುದಿಗೆ ಹಗ್ಗ ಕಟ್ಟಿ, ಹಗ್ಗದ ಕೊನೆಗೆ ಅರಿವೆಯ ಚಿಂದಿಯನ್ನು ಬಿಗಿದರೆ ಮೊಲ ಸಿದ್ಧವಾಯಿತು. ಅದನ್ನು ನೆಲದ ಮೇಲೆ ಎಳೆದಾಡಿಸಿದರೆ ನಾಯಿ ಬೆನ್ನಟ್ಟುತ್ತದೆ. ಎತ್ತರಕ್ಕೆ ಹಾರಿಸಿ ಕುಣಿಸಬಾರದು. ಕಾಲಿನ ಕೀಲುಗಳಿಗೆ ಅಪಾಯ. ವರ್ಷ ತುಂಬದ ಮರಿಯನ್ನು ದಣಿಯುವಂತೆ ಓಡಿಸಬಾರದು. ಪ್ರತಿ ಸುತ್ತಿನ ಕೊನೆಗೆ ಚಿಂದಿಯನ್ನು ಹಿಡಿಯಗೊಡಬೇಕು. ಎಂದೂ ಕೈಗೆ ಸಿಗದ ಬೇಟೆಯ ಹಿಂದೆ ಓಡಿಸುವುದು ಆಟವಲ್ಲ, ಪೀಡನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆಟಿಕೆಯ ಅಂಗಡಿಗಳಲ್ಲಿ ಕೆಂಪು ಚೆಂಡುಗಳೇ ಹೆಚ್ಚು. ಆದರೆ ನಾಯಿಯ ಕಣ್ಣಿಗೆ ನೀಲಿ, ಹಳದಿ ಬಣ್ಣಗಳು ಚೆನ್ನಾಗಿ ಬೇರೆಬೇರೆಯಾಗಿ ತೋರುತ್ತವೆ. ಕೆಂಪು, ಹಸಿರುಗಳ ನಡುವಿನ ಭೇದ ತಿಳಿಯುವುದಿಲ್ಲ. ಹಸಿರು ಹುಲ್ಲಿನಲ್ಲಿ ಕೆಂಪು ಚೆಂಡನ್ನೆಸೆದು ‘ನಮ್ಮ ನಾಯಿ ದಡ್ಡ, ಕಣ್ಣ ಮುಂದಿನ ಚೆಂಡು ಕಾಣುವುದಿಲ್ಲ’ ಎನ್ನುವವರು ನೀಲಿ ಚೆಂಡನ್ನೆಸೆದು ನೋಡಬಹುದು.

ಮಕ್ಕಳಿಗೂ ನಾಯಿಗೂ ಏಕಕಾಲಕ್ಕೆ ಒಗ್ಗುವ ಆಟ ಕಣ್ಣುಮುಚ್ಚಾಲೆ. ದೊಡ್ಡವರೊಬ್ಬರು ನಾಯಿಯನ್ನು ಹಿಡಿದಿರಬೇಕು. ಮಗು ಬಾಗಿಲ ಹಿಂದೆ ಅಡಗಿ ಒಮ್ಮೆ ಹೆಸರು ಹಿಡಿದು ಕೂಗಬೇಕು. ನಾಯಿ ಕಂಡುಹಿಡಿದಾಗ ಮಗುವಿನ ಕೈಯಿಂದಲೇ ಅದಕ್ಕೆ ಬಹುಮಾನ. ಹೀಗೆ ಆಡುತ್ತ ಆಡುತ್ತಲೇ ‘ಕರೆದರೆ ಬರಬೇಕು’ ಎಂಬ ಎಲ್ಲಕ್ಕಿಂತ ದೊಡ್ಡ ಪಾಠ ನಾಯಿಗೆ ತಿಳಿಯುತ್ತದೆ.

ಮೊದಲು ಕಲಿಸತಕ್ಕ ನಾಲ್ಕು ಪಾಠಗಳು

‘ಕೂಡು’: ತಿನಿಸನ್ನು ನಾಯಿಯ ಮೂಗಿನ ಮುಂದೆ ಹಿಡಿದು ಮೆಲ್ಲನೆ ತಲೆಯ ಮೇಲೆ ಹಿಂದಕ್ಕೆ ಒಯ್ಯಬೇಕು. ಮೂತಿ ಮೇಲೇರಿದಂತೆ ಹಿಂಭಾಗ ತಾನಾಗಿ ನೆಲ ಮುಟ್ಟುತ್ತದೆ. ಬೆನ್ನನ್ನು ಅದುಮಬಾರದು. ಹತ್ತು ಹನ್ನೆರಡು ಸಲ ಕುಳಿತ ಮೇಲೆ ಮಾತು ಸೇರಿಸಬೇಕು. ಮಾಂಸ ಕಡಿಮೆಯಿರುವ ಮುಧೋಳದ ನಾಯಿಗೆ ಬರಿಯ ಕಲ್ಲುನೆಲದ ಮೇಲೆ ಕೂಡುವುದು ಕಷ್ಟ. ಅದಕ್ಕೆ ಒಂದು ಚಾದರವನ್ನು ಹಾಸಬೇಕು.

‘ಕೈ ಕೊಡು’: ಕುಳಿತ ನಾಯಿಯ ಮುಂದೆ ತಿನಿಸುಳ್ಳ ಮುಷ್ಟಿಯನ್ನು ತಗ್ಗಿಸಿ ಹಿಡಿದರೆ ಅದು ಸ್ವಲ್ಪ ಹೊತ್ತಿಗೆ ಮುಂಗಾಲಿನಿಂದ ಮುಟ್ಟುತ್ತದೆ. ಮುಟ್ಟಿದಾಗ ಬಹುಮಾನ. ಬಳಿಕ ಮುಷ್ಟಿಯ ಬದಲು ಬರಿಯ ಅಂಗೈ. ನೆಂಟರ ಮುಂದೆ ಮಕ್ಕಳಿಗೆ ಹೆಮ್ಮೆ ತರುವ ಪಾಠವಿದು; ಉಗುರು ಕತ್ತರಿಸುವಾಗಲೂ, ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯುವಾಗಲೂ ಇದೇ ನೆರವಾಗುತ್ತದೆ.

‘ಬಿಡು’: ನಾಯಿ ಬಾಯಲ್ಲಿ ಹಿಡಿದುದನ್ನು ಕಸಿದುಕೊಂಡರೆ ಅದು ಬಚ್ಚಿಡುವುದನ್ನೂ ಗುರುಗುಟ್ಟುವುದನ್ನೂ ಕಲಿಯುತ್ತದೆ. ಅದಕ್ಕೆ ಬದಲಾಗಿ ಇನ್ನೂ ರುಚಿಯಾದುದನ್ನು ಮೂಗಿನ ಬಳಿ ಒಯ್ಯಬೇಕು. ಬಾಯಿ ಬಿಟ್ಟಾಗ ‘ಬಿಡು’ ಎಂದು ತಿನಿಸು ಕೊಟ್ಟು, ಸಾಧ್ಯವಾದರೆ ಹಳೆಯ ವಸ್ತುವನ್ನೂ ಮರಳಿಸಬೇಕು. ಬಿಟ್ಟರೆ ನಷ್ಟವಿಲ್ಲವೆಂದು ಅದಕ್ಕೆ ತಿಳಿಯಬೇಕು. ರಸ್ತೆಯಲ್ಲಿ ವಿಷದ ವಸ್ತುವಿಗೆ ಬಾಯಿ ಹಾಕಿದ ದಿನ ಈ ಪಾಠದ ಬೆಲೆ ಗೊತ್ತಾಗುತ್ತದೆ.

‘ಬಾ’: ಈ ಮಾತನ್ನು ಎಂದೂ ಶಿಕ್ಷೆಗಾಗಿ ಬಳಸಬಾರದು. ಕರೆದು ಗದರಿಸಿದರೆ ಮುಂದಿನ ಸಲ ನಾಯಿ ಬರುವುದಿಲ್ಲ. ಮೊದಲು ಕೋಣೆಯೊಳಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಉದ್ದನೆಯ ಹಗ್ಗ ಕಟ್ಟಿ ಬಯಲಿನಲ್ಲಿ ಕಲಿಸಬೇಕು. ಬೇಟೆನಾಯಿಯ ಕಣ್ಣಿಗೆ ಓಡುವ ಪ್ರಾಣಿಯೊಂದು ಬಿದ್ದರೆ ಎಷ್ಟು ಕಲಿತಿದ್ದರೂ ಅದರ ಕಿವಿ ಮುಚ್ಚಿಹೋಗುತ್ತದೆ. ಕಾರಣ ವಾಹನಗಳು ಓಡಾಡುವ ಕಡೆ ಅದರ ಹಗ್ಗವನ್ನು ಬಿಚ್ಚಲೇಬಾರದು.

ಒಂದು ಹೊತ್ತಿಗೆ ಐದು ನಿಮಿಷಕ್ಕಿಂತ ಹೆಚ್ಚು ಪಾಠ ಬೇಡ. ಬೆಳಿಗ್ಗೆ ಐದು, ಮಧ್ಯಾಹ್ನದ ನಿದ್ದೆಯ ಮೇಲೆ ಐದು, ಸಂಜೆ ಐದು. ನಾಯಿ ಸೋತು ಬೇಸತ್ತಾಗ ನಿಲ್ಲಿಸುವುದಕ್ಕಿಂತ, ಅದಕ್ಕೆ ಚೆನ್ನಾಗಿ ಬರುವ ಒಂದು ಕೆಲಸ ಮಾಡಿಸಿ, ಮೆಚ್ಚಿ, ನಿಲ್ಲಿಸಬೇಕು. ಮಕ್ಕಳಿಗೆ ಮಗ್ಗಿ ಹೇಳಿಕೊಡುವ ತಾಯಂದಿರಿಗೆ ಈ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ಎಚ್ಚರಿಕೆಗಳು

ತಿನಿಸಿನ ವಿಷಯದಲ್ಲಿ ಪ್ರೀತಿಯೇ ಕೆಲವು ಸಲ ಮುಳುವಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ ಇವು ನಾಯಿಗೆ ವಿಷ. ಒಣದ್ರಾಕ್ಷಿ ಸೇರಿದ ಪಾಯಸವನ್ನಾಗಲಿ, ಒಣಹಣ್ಣುಗಳುಳ್ಳ ಗೋಕಾಕಿನ ಕರದಂಟನ್ನಾಗಲಿ, ಒಗ್ಗರಣೆಯ ಅನ್ನವನ್ನಾಗಲಿ ಬಹುಮಾನವೆಂದು ಕೊಡಬಾರದು. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಉಪ್ಪು ಖಾರವಿಲ್ಲದ ಬೇಯಿಸಿದ ಮೊಟ್ಟೆ, ಕೋಳಿಮಾಂಸ, ಗೆಣಸು, ಹಸಿಯ ಗಜ್ಜರಿ, ಸೌತೆಕಾಯಿ, ಜೋಳದ ರೊಟ್ಟಿಯ ಚೂರು ಇವು ಸಾಕು.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುತ್ತಲೇ ಅದು ಮೈಯನ್ನು ತಂಪು ಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ಓಟದ ಆಟ ಬೆಳಗಿನ ಜಾವಕ್ಕೆ ಅಥವಾ ಹೊತ್ತು ಮುಳುಗಿದ ಮೇಲಕ್ಕೆ ಇರಲಿ. ಡಾಂಬರಿನ ಮೇಲೆ ಅಂಗೈಯ ಹಿಂಭಾಗವನ್ನಿಟ್ಟು ಏಳರವರೆಗೆ ಎಣಿಸಲಾಗದಿದ್ದರೆ ಅಲ್ಲಿ ನಾಯಿಯನ್ನು ನಡೆಸಬಾರದು. ಹೊಟ್ಟೆತುಂಬ ಉಂಡ ಕೂಡಲೆ ಓಡಿಸುವುದು ಆಳ ಎದೆಯ ನಾಯಿಗಳಿಗೆ ಪ್ರಾಣಾಪಾಯವನ್ನೇ ತರಬಹುದು.

ಹುಚ್ಚುನಾಯಿರೋಗದ ಲಸಿಕೆಯನ್ನು ಮೂರು ತಿಂಗಳ ವಯಸ್ಸಿಗೆ ಹಾಕಿಸಿ, ವೈದ್ಯರು ಹೇಳಿದಂತೆ ವರ್ಷವರ್ಷವೂ ಮುಂದುವರಿಸಬೇಕು. ಆಟದಲ್ಲಿ ಹಲ್ಲು ತಾಗಿ ಗಾಯವಾದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ನಾಯಿ ಮನೆಯದೇ ಆಗಿದ್ದರೂ ವೈದ್ಯರಿಗೆ ತೋರಿಸಬೇಕು. ಉಣ್ಣುವ ಮತ್ತು ಮಲಗಿದ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು. ಚಿಕ್ಕ ಮಕ್ಕಳನ್ನು ನಾಯಿಯೊಡನೆ ಒಂಟಿಯಾಗಿ ಬಿಡಬಾರದು.

ಕಾನೂನಿನ ಮಾತು

ನಾಯಿಯನ್ನು ಆಡಿಸುವುದು ಪುರುಸೊತ್ತಿದ್ದವರ ಹವ್ಯಾಸವೆಂದು ಕೆಲವರು ತಿಳಿದಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಹಾಗೆ ತಿಳಿದಿಲ್ಲ. ಸದಾ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನ ಜಾಗದಲ್ಲಿ ಇರಿಸಿದ ನಾಯಿಗೆ ತಕ್ಕಷ್ಟು ವ್ಯಾಯಾಮ ದೊರೆಯುವಂತೆ ಮಾಡದಿರುವುದು ಆ ಕಾಯಿದೆಯ 11ನೆಯ ಕಲಮಿನಲ್ಲಿ ಕ್ರೌರ್ಯವೆಂದೇ ಎಣಿಕೆಯಾಗಿದೆ. ಹಸಿವೆ ನೀರಡಿಕೆಗಳಿಂದ ನರಳುವಂತೆ ಅದನ್ನು ಬಿಟ್ಟುಬರುವುದೂ ಅಲ್ಲಿಯೇ ಸೇರಿದೆ. ಕಾಯಿದೆಯನ್ನು ಬರೆದವರು ನಾಯಿಗೆ ಅನ್ನ ನೀರುಗಳಷ್ಟೇ ಓಡಾಟವೂ ಅಗತ್ಯವೆಂಬುದನ್ನು ಅರಿತಿದ್ದರು. ಮರಿಯನ್ನು ತರುವ ಮುನ್ನ ಮನೆಯವರೆಲ್ಲ ಸೇರಿ, ದಿನಕ್ಕೆ ಆ ಹದಿನೈದು ನಿಮಿಷವೂ ಎರಡು ಸಲದ ತಿರುಗಾಟವೂ ಯಾರ ಪಾಲಿಗೆ ಎಂಬುದನ್ನು ತೀರ್ಮಾನಿಸಿಕೊಳ್ಳುವುದು ಲೇಸು. ಯಾರ ಪಾಲಿಗೂ ಬಾರದಿದ್ದರೆ ಮರಿಯನ್ನು ತಾರದಿರುವುದೇ ದಯೆ.

ಆತಕೂರಿನ ಕಾಳಿ

ಕನ್ನಡನಾಡಿಗೆ ನಾಯಿಯ ದುಡಿಮೆಯನ್ನು ಗೌರವಿಸುವುದು ಹೊಸದಲ್ಲ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನವೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗರ ಬೂತುಗನ ಕಡೆಯ ವೀರ ಮಣಲೆರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದುದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿಯೂ ದತ್ತಿಯಾಯಿತು. ನಾಯಿಯೂ ಹಂದಿಯೂ ಕಾದುವ ದೃಶ್ಯವನ್ನು ಆ ಕಲ್ಲಿನ ಮೇಲೆ ಇಂದಿಗೂ ಕಾಣಬಹುದು.

ಇಂದಿನ ಮನೆಯ ನಾಯಿಗೆ ಹಂದಿಯೊಡನೆ ಹೋರಾಡುವ ಕೆಲಸವಿಲ್ಲ. ಚಚಡಿಯ ಬಯಲಿನ ಕುರಿಗಳೂ ಅದರ ಪಾಲಿಗಿಲ್ಲ. ಮೂರು ಬಟ್ಟಲುಗಳು, ಒಂದು ಹಳೆಯ ಟವೆಲು, ಅರಿವೆಯ ಚಿಂದಿ ಕಟ್ಟಿದ ಒಂದು ಕೋಲು, ಹೆಸರು ಹಿಡಿದು ಕರೆಯುವ ಒಂದು ಮಗುವಿನ ದನಿ, ಇಷ್ಟಿದ್ದರೆ ಅದಕ್ಕೆ ಕೆಲಸ ಸಿಕ್ಕಿತು. ಆಟ ಮುಗಿದ ಮೇಲೆ ಅದು ಉಸ್ಸೆಂದು ಉಸಿರು ಬಿಟ್ಟು, ಬಾಗಿಲ ಬಳಿ ಸುರುಳಿಯಾಗಿ ಮಲಗುತ್ತದೆ. ಪಕ್ಕದಲ್ಲಿಯೇ ಮನೆಯವರ ಚಪ್ಪಲಿಗಳಿರುತ್ತವೆ. ದುಡಿದು ದಣಿದ ನಾಯಿಗೆ ಅವುಗಳ ಗೊಡವೆ ಬೇಕಾಗುವುದಿಲ್ಲ.